ಮೂರನೆಯ ಚಿತ್ರದ ಗೆರೆ

ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನ ಸಭಾಂಗಣದಲ್ಲಿ ಮೈಕು ಹಿಡಿದು ನಿಂತ ದಿನ, ನನಗಿಂತ ಪ್ರಾಮಾಣಿಕಳಾದ ವಿಜ್ಞಾನಿ ಈ ಊರಲ್ಲಿ ಇನ್ನೊಬ್ಬಳಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಬೇರೆ ಬೇರೆ ಕಾಲೇಜುಗಳಿಂದ ಬಂದ ವಿದ್ಯಾರ್ಥಿಗಳು ಮುಂದಿನ ಸಾಲುಗಳಲ್ಲಿ ಕೂತಿದ್ದರು. ಹಿಂದೆ ನಮ್ಮ ಕಂಪನಿಯವರು ಊಟದ ವಾಸನೆ ಬರುತ್ತಿದ್ದ ಬಾಗಿಲ ಕಡೆಗೇ ನೋಡುತ್ತಿದ್ದರು. ಜೀವವಿಜ್ಞಾನದ ಕಂಪ್ಯೂಟರ್ ಮಾದರಿಗಳನ್ನು ಎಲ್ಲರೊಂದಿಗೆ ಯಾಕೆ ಹಂಚಿಕೊಳ್ಳಬೇಕು ಎಂಬುದು ನನ್ನ ಭಾಷಣದ ವಿಷಯ. "ನಾನು ಮಾಡಿದ ಲೆಕ್ಕಾನ ನೀವು ನಿಮ್ಮ ಮನೇಲಿ ಕೂತು ಮಾಡ್ದಾಗ ಅದೇ ಉತ್ತರ ಬರ್ಲಿಲ್ಲ ಅಂದ್ರೆ, ನಾನು ಮಾಡಿದ್ದು ವಿಜ್ಞಾನ ಅಲ್ಲ, ಹರಟೆ" ಎಂದು ಹೇಳಿ ಸ್ವಲ್ಪ ನಿಲ್ಲಿಸಿದೆ. ಚಪ್ಪಾಳೆ ಬರಲಿ ಎಂದೇ ನಿಲ್ಲಿಸಿದ್ದು. ಬಂತು. ಆಮೇಲೆ ಬಫೆಯಲ್ಲಿ ನನಗೆ ಎರಡು ಜಾಮೂನು ಹೆಚ್ಚಿಗೆ ಸಿಕ್ಕವು.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮಮ್ಮ ಮಹದೇವಪುರದ ನಮ್ಮ ಫ್ಲಾಟಿನಿಂದ ದಾವಣಗೆರೆಯ ನೆಂಟರಿಗೆಲ್ಲ ಫೋನು ಮಾಡಿ, "ನಮ್ಮ ಹುಡ್ಗಿ ಕಂಪ್ಯೂಟರ್‌ನಾಗೆ ಹುಳ ಸಾಕ್ತಾಳೆ" ಎಂದು ಹೇಳುತ್ತಾಳೆ. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ಒಂದು ಬಗೆಯ ಬ್ಯಾಕ್ಟೀರಿಯಾ ಎಷ್ಟು ಬೇಗ ಹುಟ್ಟುತ್ತದೆ, ಔಷಧ ಹಾಕಿದರೆ ಎಷ್ಟು ಬೇಗ ಸಾಯುತ್ತದೆ ಎಂಬುದನ್ನು ಸಮೀಕರಣಗಳಾಗಿ ಬರೆದು ಕಂಪ್ಯೂಟರಿಗೆ ಕೊಡುತ್ತೇನೆ. ಅದು ಒಂದು ಗೆರೆ ಎಳೆದು ತೋರಿಸುತ್ತದೆ. ಗೆರೆ ಯಾವ ಗಂಟೆಗೆ ತಳ ಮುಟ್ಟುತ್ತದೋ ಆ ಗಂಟೆಗೆ ಬ್ಯಾಕ್ಟೀರಿಯಾಗಳ ಕತೆ ಮುಗಿಯಿತು ಎಂದರ್ಥ. ಇದಕ್ಕೆ ಮಾದರಿ ಎಂದು ಹೆಸರು.

ಭಾಷಣಕ್ಕೆ ನಾಲ್ಕು ವರ್ಷ ಮೊದಲು, ಬೇರೊಂದು ಸಂಸ್ಥೆಯಲ್ಲಿದ್ದಾಗ, ನಾನು ಮತ್ತು ನನ್ನ ಪ್ರೊಫೆಸರು ಸೇರಿ ಇಂಥದ್ದೊಂದು ಮಾದರಿಯ ಬಗ್ಗೆ ಪ್ರಬಂಧ ಪ್ರಕಟಿಸಿದ್ದೆವು. ಅದರಲ್ಲಿ ಮೂರು ಚಿತ್ರಗಳಿದ್ದವು. ಮೊದಲ ಎರಡು ಎಲ್ಲರೂ ಬರೆಯುವಂಥವು. ಮೂರನೆಯದು ನನ್ನ ಹೆಮ್ಮೆ. ಅದರಲ್ಲಿ ಗೆರೆ ಆರನೆಯ ಗಂಟೆಗೆ ಎಷ್ಟು ಅಂದವಾಗಿ ತಳಕ್ಕೆ ಇಳಿಯುತ್ತಿತ್ತೆಂದರೆ ಅದನ್ನು ಫ್ರೇಮು ಹಾಕಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಮದುವೆಯ ಫೋಟೊ ಇನ್ನೂ ಪೆನ್‌ಡ್ರೈವಿನಲ್ಲೇ ಇದೆ.

ಪ್ರಬಂಧದ ಕೊನೆಯಲ್ಲಿ ನಮ್ಮ ಕಸುಬಿನವರೆಲ್ಲ ಬರೆಯುವ ಒಂದು ವಾಕ್ಯ ನನ್ನದರಲ್ಲೂ ಇತ್ತು. ಮಾದರಿಯ ಫೈಲುಗಳು ಬೇಕಾದವರು ಲೇಖಕರನ್ನು ಕೇಳಿ ಪಡೆಯಬಹುದು. ಛತ್ರದ ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ ದೂರದ ನೆಂಟರಿಗೆ "ಒಂದ್ಸಲ ಮನೆಗೆ ಬನ್ನಿ" ಎನ್ನುತ್ತೇವಲ್ಲ, ಅಷ್ಟೇ ಅದರ ತೂಕ. ಹೇಳುವವರಿಗೂ ಕೇಳುವವರಿಗೂ ಅದು ಗೊತ್ತು. ಯಾರೂ ಬರುವುದಿಲ್ಲ. ನನ್ನ ಹತ್ತಿರವೂ ನಾಲ್ಕು ವರ್ಷ ಯಾರೂ ಬರಲಿಲ್ಲ.

ಭಾಷಣವಾಗಿ ಒಂದು ವಾರಕ್ಕೆ ಒಬ್ಬಳು ಬಂದಳು, ಇಮೇಲಿನಲ್ಲಿ. ಚಿಕ್ಕಬಾಣಾವರದ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಕೊನೆಯ ವರ್ಷದ ಹುಡುಗಿ. ನನ್ನ ಮಾತು ಕೇಳಿ ತುಂಬಾ ಧೈರ್ಯ ಬಂತು ಎಂದು ಬರೆದಿದ್ದಳು. ಮೂರು ತಿಂಗಳ ಹಿಂದೆಯೇ ತನ್ನ ಪ್ರಾಜೆಕ್ಟಿಗೆ ನನ್ನ ಮಾದರಿಯನ್ನೇ ಆರಿಸಿಕೊಂಡು, ಪ್ರಬಂಧದಲ್ಲಿ ಕೊಟ್ಟ ಸಮೀಕರಣಗಳನ್ನೂ ಕೋಷ್ಟಕದ ಅಂಕಿಗಳನ್ನೂ ಇಟ್ಟುಕೊಂಡು ತಾನೇ ಪ್ರೋಗ್ರಾಂ ಬರೆದಿದ್ದಳು. ಮೊದಲ ಎರಡು ಚಿತ್ರಗಳು ಹಾಗೇ ಬಂದಿದ್ದವು. ಮೂರನೆಯದರಲ್ಲಿ ಮಾತ್ರ ನನ್ನ ಗೆರೆ ಆರನೆಯ ಗಂಟೆಗೆ ತಳ ಮುಟ್ಟಿದರೆ ಅವಳದು ಒಂಬತ್ತಕ್ಕೆ ಮುಟ್ಟುತ್ತಿತ್ತು. ಪ್ರಕಟವಾದ ಚಿತ್ರ ಹಾಗೇ ಬರುವ ತನಕ ಥೀಸಿಸ್ಸಿಗೆ ಸಹಿ ಹಾಕುವುದಿಲ್ಲ ಎಂದು ಅವಳ ಗೈಡ್ ಹೇಳಿಬಿಟ್ಟಿದ್ದರು. ಒಪ್ಪಿಸಲು ಒಂದು ತಿಂಗಳಿತ್ತು. ತಪ್ಪಿದರೆ ಒಂದು ವರ್ಷ ಹೋದ ಹಾಗೆ. ದಯವಿಟ್ಟು ಫೈಲುಗಳನ್ನು ಕಳಿಸಿಕೊಡುತ್ತೀರಾ ಎಂದು ಕೇಳಿದ್ದಳು.

ನಾನು ಕಳಿಸಲಿಲ್ಲ, ಬುದ್ಧಿ ಹೇಳಿದೆ. ಹೊಸಬರು ಗಂಟೆ ನಿಮಿಷಗಳನ್ನು ಕಲಸಿಬಿಡುತ್ತಾರೆ, ಅದನ್ನೊಮ್ಮೆ ನೋಡಿಕೋ ಎಂದು ಬರೆದು ಕೊನೆಗೊಂದು ನಗುವ ಮುಖ ಅಂಟಿಸಿದೆ. ಮರುದಿನವೇ ಅವಳು ಮೂರು ಪುಟ ಕೈಬರಹದ ಲೆಕ್ಕವನ್ನು ಸ್ಕ್ಯಾನ್ ಮಾಡಿ ಕಳಿಸಿದಳು. ಗಂಟೆ ನಿಮಿಷ ಎಲ್ಲ ಸರಿಯಾಗಿದ್ದವು. ನಾನು ಆ ಪುಟಗಳನ್ನು ಪೂರ್ತಿ ಓದಲೂ ಇಲ್ಲ. ಹಾಗಿದ್ದರೆ ಸಾಫ್ಟ್‌ವೇರು ಹಳೆಯದಿರಬೇಕು ಎಂದು ಬರೆದೆ. ಅವಳು ಹೊಸದು ಹಾಕಿಕೊಂಡಳು. ಒಂಬತ್ತು. ನಾನು ಮೂರನೆಯ ಕಾರಣ ಹುಡುಕುತ್ತಿರುವಾಗ ಅವಳೇ ಫೋನು ಮಾಡಿದಳು.

"ಮೇಡಂ, ನಂದೇ ಏನೋ ತಪ್ಪಿದೆ ಅಂತ ಗೊತ್ತು. ಎಲ್ಲಿ ಅಂತ ಗೊತ್ತಾಗ್ತಿಲ್ಲ. ನಿಮ್ ಫೈಲ್ ಪಕ್ಕದಲ್ಲಿಟ್ಕೊಂಡು ನೋಡಿದ್ರೆ ಸಿಕ್ಬಿಡುತ್ತೆ."

"ನೋಡಮ್ಮಾ, ಫೈಲ್ ಕೊಟ್ಬಿಟ್ರೆ ನೀನೇನ್ ಕಲೀತೀಯ?" ಎಂದೆ ನಾನು.

ಹಂಚಿಕೊಳ್ಳದವನದು ವಿಜ್ಞಾನವೇ ಅಲ್ಲ ಎಂದು ಮೈಕಿನಲ್ಲಿ ಕೂಗಿ ಇನ್ನೂ ಎರಡು ವಾರ ಆಗಿರಲಿಲ್ಲ. ಅವಳು ಅದನ್ನು ನೆನಪಿಸಲಿಲ್ಲ. ಒಳ್ಳೆಯ ಮನೆತನದ ಹುಡುಗಿ. "ಸರಿ ಮೇಡಂ, ಇನ್ನೊಂದ್ಸಲ ಟ್ರೈ ಮಾಡ್ತೀನಿ" ಎಂದಳು. ಆ ಸ್ವರ ಕೇಳಿ ನನಗೇ ಒಂದಿಷ್ಟು ಕಸಿವಿಸಿಯಾಗಿ, ಶನಿವಾರ ಕಳಿಸುತ್ತೇನೆ ಎಂದು ಮಾತು ಕೊಟ್ಟೆ.

ಶನಿವಾರ ತಿಂಡಿ ಮುಗಿಸಿ ಹಳೆಯ ಹಾರ್ಡ್‌ಡಿಸ್ಕ್ ತೆಗೆದೆ. ಅದರಲ್ಲಿ "ಫೈನಲ್" ಎಂಬ ಫೈಲಿತ್ತು, "ಫೈನಲ್ ಎರಡು" ಇತ್ತು, "ನಿಜವಾದ ಫೈನಲ್" ಇತ್ತು, "ಇದೇ ಕಳಿಸಿದ್ದು ಅನ್ಸುತ್ತೆ" ಎಂಬುದೂ ಇತ್ತು. ಬೇರೆಯವರ ಫೋಲ್ಡರು ಹೀಗಿದ್ದಿದ್ದರೆ ನಾನು ಅದರ ಚಿತ್ರ ತೆಗೆದು ಭಾಷಣದಲ್ಲಿ ತೋರಿಸಿ ನಗಿಸುತ್ತಿದ್ದೆ. ಹಾಗೆ ಒಂದೆರಡು ಸಲ ನಗಿಸಿದ್ದೆ ಕೂಡ. ಅನ್ನಿಸುತ್ತೆ ಎಂಬ ಹೆಸರಿನದನ್ನೇ ತೆರೆದು ಓಡಿಸಿದೆ. ಗೆರೆ ಮೂಡಿತು. ಒಂಬತ್ತನೆಯ ಗಂಟೆಗೆ ತಳ ಮುಟ್ಟಿತು.

ನಾನು ನಕ್ಕೆ. ತಪ್ಪು ಫೈಲು ತೆರೆದೆ ಎಂದುಕೊಂಡು ನಾಲ್ಕನ್ನೂ ಓಡಿಸಿದೆ. ಒಂಬತ್ತು, ಒಂಬತ್ತು, ಒಂಬತ್ತು, ಒಂಬತ್ತು. ಲ್ಯಾಪ್‌ಟಾಪು ಬಿಸಿಯಾಗಿದೆ ಎಂದು ಆಫ್ ಮಾಡಿ, ತಲೆಗೆ ಸ್ನಾನ ಮಾಡಿ ಬಂದು, ಮತ್ತೆ ಆನ್ ಮಾಡಿದೆ. ನನ್ನ ಸ್ನಾನಕ್ಕೂ ಬ್ಯಾಕ್ಟೀರಿಯಾಗಳ ಆಯಸ್ಸಿಗೂ ಏನು ಸಂಬಂಧವೋ ಗೊತ್ತಿಲ್ಲ. ಒಂಬತ್ತು. ಅಮ್ಮ ಊಟಕ್ಕೆ ಕರೆದದ್ದು ಕೇಳಿಸಲಿಲ್ಲ. ಮೇಜಿನ ಮೇಲೆ ಫ್ರೇಮಿನೊಳಗಿನ ಗೆರೆ ಆರಕ್ಕೇ ನಿಂತಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ, ಕೋಷ್ಟಕದಲ್ಲಿದ್ದ ಅಂಕಿಗಳನ್ನು ಒಂದೊಂದಾಗಿ ಏರಿಸಿ ಇಳಿಸಿ ನೋಡುತ್ತಿದ್ದಾಗ, ಔಷಧ ಕೊಲ್ಲುವ ವೇಗದ ಅಂಕಿಯನ್ನು ಎರಡರಿಂದ ಗುಣಿಸಿದೆ. ಗೆರೆ ಜರ್ರನೆ ಇಳಿದು ಆರನೆಯ ಗಂಟೆಗೆ ತಳ ಮುಟ್ಟಿತು. ಫ್ರೇಮು ತಂದು ಪರದೆಯ ಪಕ್ಕದಲ್ಲಿ ಹಿಡಿದೆ. ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಆಗ ಎಲ್ಲ ನೆನಪಾಯಿತು.

ನಾವು ಬಳಸುತ್ತಿದ್ದ ಸಾಫ್ಟ್‌ವೇರಿನಲ್ಲಿ ಪ್ರೋಗ್ರಾಮನ್ನು ತುಂಡು ತುಂಡಾಗಿ ಬರೆದು ಬೇಕಾದ ತುಂಡನ್ನಷ್ಟೇ ಓಡಿಸಬಹುದು. ಅದರ ಒಂದು ಗುಣವೆಂದರೆ, ಓಡಿಸಿದ ಮೇಲೆ ಒಂದು ತುಂಡನ್ನು ಅಳಿಸಿದರೂ ಅದು ಪರದೆಯಿಂದ ಹೋಗುತ್ತದೆಯೇ ಹೊರತು ಕಂಪ್ಯೂಟರಿನ ನೆನಪಿನಿಂದ ಹೋಗುವುದಿಲ್ಲ. ಕಂಪ್ಯೂಟರು ಆಫ್ ಮಾಡಿದರೆ ಮಾತ್ರ ಹೋಗುತ್ತದೆ. ಆ ದಿನಗಳಲ್ಲಿ ಒಮ್ಮೆ, ಸುಮ್ಮನೆ ಕುತೂಹಲಕ್ಕೆ, ಔಷಧದ ವೇಗ ಎರಡರಷ್ಟಾದರೆ ಏನಾಗುತ್ತದೆ ನೋಡೋಣ ಎಂದು ಒಂದು ಸಾಲು ಬರೆದು ಓಡಿಸಿದ್ದೆ. ನೋಡಿದ್ದಾದ ಮೇಲೆ ಸಾಲನ್ನು ಅಳಿಸಿದ್ದೆ. ಮುಂದಿನ ವಾರ ಅದೇ ಕಂಪ್ಯೂಟರಿನಲ್ಲಿ ಮೂರನೆಯ ಚಿತ್ರ ತೆಗೆದೆ. ಅಷ್ಟರಲ್ಲಿ ಆಫ್ ಮಾಡಲಿಲ್ಲವೇ ಎಂದರೆ, ಹೇಗೆ ಮಾಡಲಿ? ಆಫ್ ಮಾಡಿದರೆ ಎಲ್ಲ ಮೊದಲಿನಿಂದ ಓಡಿಸಬೇಕಾಗುತ್ತದೆಂದು ಹೆದರಿ ನಾನೇ ಅದರ ಮೇಲೆ ದಪ್ಪ ಅಕ್ಷರದಲ್ಲಿ ಚೀಟಿ ಅಂಟಿಸಿದ್ದೆ: ಆಫ್ ಮಾಡಬೇಡಿ. ಕಸ ಗುಡಿಸುವ ಅಕ್ಕ ಒಮ್ಮೆ ಪ್ಲಗ್ಗಿನ ಹತ್ತಿರ ಬಟ್ಟೆ ಒಯ್ದಾಗ ಕೂಗಾಡಿದ್ದೆ. ಆಕೆ ಪ್ಲಗ್ಗು ಕಿತ್ತಿದ್ದರೆ ವಿಜ್ಞಾನಕ್ಕೆ ಒಳ್ಳೆಯದಾಗುತ್ತಿತ್ತು.

ಒಂದು ಸಮಾಧಾನವೆಂದರೆ ಆ ಗೆರೆಯನ್ನು ನಂಬಿ ಯಾವ ರೋಗಿಗೂ ಯಾರೂ ಮಾತ್ರೆ ಕೊಟ್ಟಿರಲಿಲ್ಲ. ಅದು ಪ್ರಯೋಗಶಾಲೆಯ ಬಡಪಾಯಿ ಬ್ಯಾಕ್ಟೀರಿಯಾ. ಅದನ್ನು ನಂಬಿದ್ದು ಪ್ರಪಂಚದಲ್ಲಿ ಇಬ್ಬರೇ, ನಾನು ಮತ್ತು ಚಿಕ್ಕಬಾಣಾವರದ ಆ ಹುಡುಗಿ.

ಆ ಶನಿವಾರವೇ ಅವಳಿಗೆ ಫೋನು ಮಾಡಿ "ನಿಂದೇ ಸರಿ ಇದೆ, ನಂದೇ ತಪ್ಪು" ಎಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಐದು ಪದ. ನಾನು ಅದಕ್ಕೆ ಮೂರು ವಾರ ತೆಗೆದುಕೊಂಡೆ.

ಮೂರು ವಾರ ಸುಮ್ಮನೆ ಕೂತಿರಲಿಲ್ಲ, ಭಾರೀ ಕೆಲಸ ಮಾಡಿದೆ. ಫೋಲ್ಡರನ್ನು ಒಪ್ಪ ಮಾಡಿದೆ. ಪ್ರೋಗ್ರಾಮಿನ ಪ್ರತಿ ಸಾಲಿನ ಪಕ್ಕ ವಿವರಣೆ ಬರೆದೆ. ಬಳಸುವವರಿಗೆಂದು ನಾಲ್ಕು ಪುಟದ ಕೈಪಿಡಿ ಬರೆದು, ಅದರ ಮೊದಲ ಪುಟಕ್ಕೆ ಯಾವ ಅಕ್ಷರ ಹೊಂದುತ್ತದೆಂದು ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡೆ. ತಪ್ಪಿನ ವಿಷಯವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಅದರಲ್ಲಿತ್ತು. ಅವಳು ಆಗಾಗ ವಾಟ್ಸಾಪಿನಲ್ಲಿ ಕೈ ಮುಗಿಯುವ ಗುರುತಿನ ಜೊತೆ "ಮೇಡಂ ಫೈಲ್ಸ್?" ಎಂದು ಕೇಳುತ್ತಿದ್ದಳು. "ಸ್ವಲ್ಪ ಕ್ಲೀನ್ ಮಾಡಿ ಕಳಿಸ್ತೀನಮ್ಮ" ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಹೆದರಿಕೆ. ಆ ಭಾಷಣದಿಂದಾಗಿ ಕಂಪನಿಯಲ್ಲಿ ಮಾದರಿಗಳನ್ನು ಪರೀಕ್ಷಿಸುವ ತಂಡಕ್ಕೆ ನನ್ನನ್ನೇ ಮುಖ್ಯಸ್ಥೆ ಮಾಡಿದ್ದರು. ಇತರರ ತಪ್ಪು ಹುಡುಕುವುದು ನನ್ನ ಹೊಸ ಹುದ್ದೆ. ಅಂಥವಳ ಗೆರೆಯೇ ತಪ್ಪು ಎಂದು ಗೊತ್ತಾದರೆ ಕ್ಯಾಂಟೀನಿನಲ್ಲಿ ಯಾರು ಯಾರು ನಗುತ್ತಾರೆ ಎಂಬ ಪಟ್ಟಿ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಪ್ರೊಫೆಸರರಿಗೆ ಹೇಗೆ ಹೇಳುವುದು ಎಂಬುದು ಇನ್ನೊಂದು ಸಂಕಟ. ಅವರ ಹೆಸರೂ ಪ್ರಬಂಧದ ಮೇಲಿತ್ತು.

ಮೂರನೆಯ ವಾರ ಅವಳ ಸಂದೇಶಗಳು ನಿಂತವು. ನನಗೆ ಹಾಯೆನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾಯೆನಿಸಿತು ಎಂಬುದು ನಿಜ. ಎರಡು ದಿನ ಹಾಯಾಗಿದ್ದು, ಮೂರನೆಯ ದಿನ, ಯಾಕೆ ನಿಂತವು ಎಂಬ ಯೋಚನೆ ಹತ್ತಿತು. ಗೈಡ್ ಬೈದರೇ? ಪ್ರಾಜೆಕ್ಟೇ ಬಿಟ್ಟಳೇ? ಕೊನೆಗೂ ಪ್ರೊಫೆಸರರಿಗೆ ಫೋನು ಮಾಡಿದೆ. ನಿವೃತ್ತರಾಗಿದ್ದರು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

"ಹೌದಾ? ತಪ್ಪಾಗಿದ್ರೆ ತಪ್ಪಾಗಿದೆ ಅಂತ ಜರ್ನಲ್‌ಗೆ ಬರಿ. ನಾನೂ ಸಹಿ ಮಾಡ್ತೀನಿ" ಎಂದರು ಅವರು. ಆಮೇಲೆ, "ಆ ಹುಡ್ಗೀಗೆ ಹೇಳ್ದ್ಯಾ?" ಎಂದರು.

"ಇನ್ನೂ ಇಲ್ಲ ಸರ್."

"ಯಾವಾಗ ಗೊತ್ತಾಯ್ತು ನಿಂಗೆ?"

ಹೇಳಿದೆ. ಅವರು ಬೈಯಲಿಲ್ಲ. "ಹೋಗಮ್ಮ, ನಾಳೆ ಹೋಗು, ಫೋನಲ್ಲಿ ಬೇಡ" ಎಂದು ಇಟ್ಟುಬಿಟ್ಟರು.

ಮರುದಿನ ಶನಿವಾರ. ಮೆಟ್ರೊ ಬದಲಿಸಿ ದಾಸರಹಳ್ಳಿಯಲ್ಲಿ ಇಳಿದು ಆಟೊ ಹಿಡಿದೆ. ಹೆಸರಘಟ್ಟ ರಸ್ತೆಯ ಉದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ತಿದ್ದುತ್ತ ಕೂತಿದ್ದೆ. ಚೆನ್ನಾಗಿಯೇ ಮೂಡಿಬರುತ್ತಿತ್ತು. ವಿನಯ ಇತ್ತು, ಗಾಂಭೀರ್ಯ ಇತ್ತು, ನಡುವೆ ಒಂದು ಸಣ್ಣ ಹಾಸ್ಯವೂ ಇತ್ತು. ಎಲ್ಲಿ ನಿಲ್ಲಿಸಬೇಕೆಂದೂ ಗುರುತು ಮಾಡಿಕೊಂಡಿದ್ದೆ. ಭಾಷಣಗಾರ್ತಿಯ ಬುದ್ಧಿ ಎಲ್ಲಿ ಹೋಗುತ್ತದೆ?

ಅವಳ ಕಾಲೇಜಿನ ಕಂಪ್ಯೂಟರ್ ಲ್ಯಾಬು ಮೂರನೆಯ ಮಹಡಿಯಲ್ಲಿತ್ತು. ನನ್ನನ್ನು ಕಂಡು ಅವಳು ಓಡಿ ಬಂದಳು. ಮುಖ ಅರಳಿತ್ತು. ನಾನು ಬಾಯಿ ತೆರೆಯುವ ಮೊದಲೇ, "ಮೇಡಂ, ಮ್ಯಾಚ್ ಆಯ್ತು!" ಎಂದಳು.

"ಏನು?"

"ಫಿಗರ್ ಮೂರು ಮೇಡಂ. ಆರಕ್ಕೇ ಬಂತು. ಸರ್ ಸೈನೂ ಮಾಡಿದ್ರು. ನೆನ್ನೆ ಬೈಂಡಿಂಗ್ ಆಯ್ತು. ಸೋಮವಾರ ಲಾಸ್ಟ್ ಡೇಟ್. ನಿಮ್ಗೆ ಸರ್ಪ್ರೈಸ್ ಆಗಿ ಹೇಳೋಣ ಅಂತ ಮೆಸೇಜ್ ಮಾಡ್ಲಿಲ್ಲ."

ಮೇಜಿನ ಮೇಲೆ ಕಪ್ಪು ರಟ್ಟಿಗೆ ಚಿನ್ನದ ಅಕ್ಷರ ಹೊಡೆಸಿದ ನಾಲ್ಕು ಥೀಸಿಸ್ ಪ್ರತಿಗಳಿದ್ದವು. ಒಂದನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟಳು. ಧನ್ಯವಾದದ ಪುಟದಲ್ಲಿ ಅವಳ ಅಪ್ಪ ಅಮ್ಮನ ಕೆಳಗೆ, ಗೈಡಿನ ಪಕ್ಕದಲ್ಲಿ, ನಾನಿದ್ದೆ. ಸತತವಾಗಿ ದಾರಿ ತೋರಿದ್ದಕ್ಕೆ. ನಾನು ಮೂರನೆಯ ಅಧ್ಯಾಯಕ್ಕೆ ಪುಟ ತಿರುವಿದೆ. ಅಲ್ಲಿ ನನ್ನ ಗೆರೆ ಹಾಗೇ ಇತ್ತು. ಅದರ ಮೇಲೆ ಒಂದು ವಾಕ್ಯವಿತ್ತು. ಒಂದು ಬ್ಯಾಕ್ಟೀರಿಯಾ ಒಡೆದು ಎರಡಾಗುವುದರಿಂದ ಔಷಧದ ವೇಗವನ್ನು ಎರಡರಿಂದ ಗುಣಿಸಲಾಗಿದೆ.

ಅದನ್ನು ಎರಡು ಸಲ ಓದಿದೆ. ಅದರಲ್ಲಿ ಅರ್ಥವೇ ಇಲ್ಲ. ಆದರೆ ಎಷ್ಟು ನಂಬುವಂತಿತ್ತೆಂದರೆ, ಬೇರೆಲ್ಲಾದರೂ ಓದಿದ್ದರೆ ನಾನೇ ತಲೆಯಾಡಿಸುತ್ತಿದ್ದೆ.

"ಇದನ್ನ ಎಲ್ಲಿಂದ ತಗೊಂಡೆ?"

ಅವಳ ಮುಖ ಸ್ವಲ್ಪ ಇಳಿಯಿತು. "ಎಲ್ಲಿಂದಾನೂ ಇಲ್ಲ ಮೇಡಂ. ಎರಡರಿಂದ ಗುಣಿಸಿದ್ರೆ ಮ್ಯಾಚ್ ಆಗ್ತಿತ್ತು. ಯಾಕೆ ಅಂತ ಸರ್ ಕೇಳ್ತಾರಲ್ಲ. ಯೋಚ್ನೆ ಮಾಡಿ ಬರ್ದೆ."

ಮೂರು ಪುಟ ಕೈಲೆಕ್ಕ ಬರೆದು ಕಳಿಸಿದ್ದ ಹುಡುಗಿ ಇವಳು. ಇವಳಿಗೆ ಸುಳ್ಳು ಕಾರಣ ಹೊಸೆಯುವುದನ್ನು ಕಲಿಸಿದವರು ಯಾರು? ನಾನು ಕೈಪಿಡಿಗೆ ಅಕ್ಷರ ಆರಿಸುತ್ತಿದ್ದ ಮೂರು ವಾರದಲ್ಲಿ ಇವಳು ಇದನ್ನು ಕಲಿತಿದ್ದಳು. ಆಟೊದಲ್ಲಿ ತಿದ್ದಿಕೊಂಡಿದ್ದ ಮಾತು ಒಂದೂ ನೆನಪಿಗೆ ಬರಲಿಲ್ಲ. "ನನ್ನ ಗೆರೆ ತಪ್ಪಮ್ಮ. ನೀನು ಮೊದಲು ಮಾಡಿದ್ದೇ ಸರಿ" ಎಂದೆ. ಅವಳು ಹೋಗಿ ಗೈಡನ್ನು ಕರೆದು ತಂದಳು.

ಗೈಡ್ ಐವತ್ತು ದಾಟಿದ, ನಾಲ್ಕು ಲ್ಯಾಬುಗಳ ಬೀಗದ ಕೈ ಗೊಂಚಲು ಹಿಡಿದು ಓಡಾಡುವ ಮನುಷ್ಯ. ಕೆಟ್ಟವರಲ್ಲ. ಅವರಿಗೆ ಪ್ರೋಗ್ರಾಮು ಬರುತ್ತಿರಲಿಲ್ಲ. ವಿದ್ಯಾರ್ಥಿಯ ಕೆಲಸ ಸರಿಯೋ ತಪ್ಪೋ ಎಂದು ತಿಳಿಯಲು ಅವರ ಹತ್ತಿರ ಇದ್ದ ಅಳತೆಗೋಲು ಒಂದೇ, ಅಚ್ಚಾದ ಚಿತ್ರ. ಅದೇ ಸರಿಯಿಲ್ಲ ಎಂದು ಅಚ್ಚು ಹಾಕಿಸಿದವಳೇ ಬಂದು ನಿಂತರೆ ಅವರಾದರೂ ಏನು ಮಾಡಬೇಕು?

"ಪ್ರಿಂಟ್ ಆಗಿರೋ ಪೇಪರ್ ಅಲ್ವಾ ಮೇಡಂ ಅದು?" ಎಂದರು, ನಾನೇ ಮರೆತಿದ್ದೇನೇನೋ ಎಂಬಂತೆ.

"ಹೌದು ಸರ್. ಪ್ರಿಂಟ್ ಆಗಿರೋದೇ ತಪ್ಪು."

ಅವರು ಕಪ್ಪು ರಟ್ಟುಗಳನ್ನು ನೋಡಿದರು, ಗಡಿಯಾರ ನೋಡಿದರು. "ಈಗ ಹೀಗೇ ಸಬ್ಮಿಟ್ ಮಾಡ್ಲಿ ಬಿಡಿ. ಎಕ್ಸಾಮಿನರ್ ನಿಮ್ ಪೇಪರ್ ಪಕ್ಕದಲ್ಲಿಟ್ಕೊಂಡು ನೋಡ್ತಾರೆ, ಎರಡೂ ಒಂದೇ ಥರ ಇರುತ್ತೆ. ಪಾಪ, ಮಗು ಒಂದು ವರ್ಷ ಯಾಕೆ ಕಳ್ಕೋಬೇಕು? ನೀವು ಆಮೇಲೆ ನಿಧಾನಕ್ಕೆ ಸರಿ ಮಾಡ್ಕೊಳಿ."

ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಮಾತು ನನಗೆ ಒಂದು ಗಳಿಗೆ ಬಹಳ ವಿವೇಕದ್ದಾಗಿ ಕಂಡಿತು. ಅವಳು ಮಾತ್ರ ಗೈಡನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಲ್ಯಾಪ್‌ಟಾಪು ತೆರೆದು ನನ್ನ ಮುಂದಿಟ್ಟಳು.

"ಮಾತಲ್ಲಿ ಬೇಡ ಮೇಡಂ. ಇದರಲ್ಲಿ ರನ್ ಮಾಡಿ ತೋರ್ಸಿ."

ಪೆನ್‌ಡ್ರೈವು ಹಾಕಿ ಮೂರು ವಾರ ಒಪ್ಪ ಮಾಡಿದ್ದ ಪ್ರೋಗ್ರಾಮನ್ನು ಓಡಿಸಿದೆ. ಓಡಲಿಲ್ಲ. ಅಂಕಿಗಳ ಫೈಲು ಸಿಗುತ್ತಿಲ್ಲ ಎಂದು ಕೆಂಪು ಅಕ್ಷರ ಬಂತು. ನೋಡಿದರೆ, ಅದು ನನ್ನ ಹೆಸರಿನ, ನನ್ನ ಮನೆಯ ಲ್ಯಾಪ್‌ಟಾಪಿನ ಫೋಲ್ಡರಿನಲ್ಲಿ ಹುಡುಕು ಎಂದು ನಾನೇ ಬರೆದಿದ್ದೆ. ಮಹದೇವಪುರದ ಒಂದೇ ಒಂದು ಮೇಜಿನ ಮೇಲೆ ಮಾತ್ರ ಓಡುವ ಪ್ರೋಗ್ರಾಮಿಗೆ ನಾಲ್ಕು ಪುಟದ ಕೈಪಿಡಿ ಬೇರೆ. ಅವಳು ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿ ಆ ಸಾಲನ್ನು ತಿದ್ದಿದಳು. ಇನ್ನೊಂದು ಕೆಂಪು ಸಾಲು. ಅದನ್ನೂ ತಿದ್ದಿದಳು. ಮೂರನೆಯ ಸಲಕ್ಕೆ ಗೆರೆ ಮೂಡಿತು. ನಿಧಾನವಾಗಿ ಇಳಿದು ಒಂಬತ್ತನೆಯ ಗಂಟೆಗೆ ತಳ ಮುಟ್ಟಿತು.

ಅವಳು ಪರದೆಯ ಮೇಲೆ ಬೆರಳಿಟ್ಟಳು. "ಇಂಗೇ ಬಂದಿತ್ತು ಮೇಡಂ. ನಂಗೆ ಮೊದ್ಲು ಇಂಗೇ ಬಂದಿತ್ತು." ಇಲ್ಲಿಯ ತನಕ ನನ್ನೊಡನೆ ಹುಷಾರಾಗಿ ಆಡುತ್ತಿದ್ದ ಮಾತು ಬಿಟ್ಟು ಮನೆಯ ಮಾತು ಬಂದಿತ್ತು. ಕಣ್ಣು ತುಂಬಿಕೊಂಡಿತ್ತು. "ನಾಲ್ಕು ತಿಂಗಳು ನಂಗೆ ಬರಲ್ಲ, ನಾನು ದಡ್ಡಿ ಅಂದ್ಕೊಂಡಿದ್ದೆ."

ಕ್ಷಮಿಸು ಎಂದೆ. ಆಗ ಆ ಪದ ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ ಮತ್ತೊಮ್ಮೆ ಹೇಳುವ ಧೈರ್ಯ ಬರಲಿಲ್ಲ. ಗೈಡ್ ಕಿಟಕಿಯ ಹತ್ತಿರ ಹೋಗಿ ನಿಂತರು. ಅವಳು ದುಪಟ್ಟಾದ ಅಂಚಿನಿಂದ ಮುಖ ಒರೆಸಿಕೊಂಡು, ಬೈಂಡ್ ಆದ ಪ್ರತಿಯಲ್ಲಿ ಎರಡರಿಂದ ಗುಣಿಸಿದ ಪುಟವನ್ನು ತೆರೆದು ಗೈಡಿನ ಮುಂದೆ ಹಿಡಿದಳು.

"ಸರ್, ಇದು ನಾನು ಕಟ್ಟಿ ಬರ್ದಿದ್ದು. ಇದನ್ನ ಇಟ್ಕೊಂಡು ಪಾಸಾಗೋದು ನಂಗೆ ಬೇಡ. ಸರಿ ಇರೋದು ಹಾಕ್ತೀನಿ. ಸೋಮವಾರದ ಒಳಗೆ ಮಾಡ್ತೀನಿ."

"ಎಕ್ಸಾಮಿನರ್ ಕೇಳಿದ್ರೆ, ಪೇಪರ್‌ಗೂ ಇದಕ್ಕೂ ಯಾಕೆ ವ್ಯತ್ಯಾಸ ಅಂತ?"

"ಮೇಡಂ ಬರ್ಕೊಡ್ತಾರೆ" ಎಂದಳು ಅವಳು.

ನಾನು ಕೂಡಲೇ ಕೂತು ಬರೆದೆ. ಬರೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಕೆಲವು ತಾಂತ್ರಿಕ ಕಾರಣಗಳಿಂದಾಗಿ ಮೂಲ ಪ್ರಬಂಧದ ಮೂರನೆಯ ಚಿತ್ರದಲ್ಲಿ ಉದ್ದೇಶಪೂರ್ವಕವಲ್ಲದ ಅಲ್ಪ ವ್ಯತ್ಯಾಸ ಉಂಟಾಗಿರುವುದು ಲೇಖಕರ ಗಮನಕ್ಕೆ ಬಂದಿರುತ್ತದೆ ಎಂಬರ್ಥದ ಒಂದು ಗಂಭೀರವಾದ ಇಂಗ್ಲಿಷ್ ವಾಕ್ಯ. ಅದರಲ್ಲಿ ತಪ್ಪು ಮಾಡಿದವರು ಯಾರೂ ಇರಲಿಲ್ಲ. ಅದು ತಾನೇ ತಾನಾಗಿ ಉಂಟಾಗಿ, ತಾನೇ ನಡೆದುಕೊಂಡು ನನ್ನ ಗಮನಕ್ಕೆ ಬಂದಿತ್ತು. ಸಹಿ ಹಾಕಿ ಕೊಟ್ಟೆ.

ಅವಳು ಓದಿ ಹಾಳೆಯನ್ನು ನನ್ನ ಮುಂದೆ ವಾಪಸ್ಸಿಟ್ಟಳು.

"ಇದನ್ನ ಓದಿದ್ರೆ ಏನಾಯ್ತು ಅಂತ ಗೊತ್ತಾಗಲ್ಲ ಮೇಡಂ. ನೀವು ಏನೇನ್ ಮಾಡಿದ್ರೋ ಅದನ್ನೇ ಬರೀರಿ. ಓದಿದವ್ರು ಅದನ್ನೇ ಮಾಡಿದ್ರೆ ನಿಮ್ ಆರು ಅವ್ರಿಗೂ ಬರ್ಬೇಕು."

ಗೈಡ್ ಕಿಟಕಿಯಿಂದ ಈ ಕಡೆ ತಿರುಗಿದರು. ನನಗೆ ಕಿವಿಯೆಲ್ಲ ಬಿಸಿಯಾಯಿತು. ಹೊಸ ಹಾಳೆ ತೆಗೆದುಕೊಂಡು, ಚಿಕ್ಕ ಮಕ್ಕಳು ಬರೆಯುವ ಹಾಗೆ, ಒಂದರ ಕೆಳಗೊಂದು ಬರೆದೆ. ಕುತೂಹಲಕ್ಕೆ ಔಷಧದ ವೇಗವನ್ನು ಎರಡರಿಂದ ಗುಣಿಸುವ ಸಾಲು ಬರೆದು ಓಡಿಸಿದೆ. ಆ ಸಾಲನ್ನು ಅಳಿಸಿದೆ. ಕಂಪ್ಯೂಟರನ್ನು ಆಫ್ ಮಾಡಲಿಲ್ಲ. ಅದೇ ಸ್ಥಿತಿಯಲ್ಲಿ ಮೂರನೆಯ ಚಿತ್ರ ತೆಗೆದೆ. ಪರೀಕ್ಷಿಸದೆ ಪ್ರಕಟಿಸಿದೆ. ನಾಲ್ಕು ವರ್ಷ ಮತ್ತೆ ಓಡಿಸಿ ನೋಡಲಿಲ್ಲ. ಪ್ರತಿ ಸಾಲಿನಲ್ಲೂ ಮಾಡಿದವಳು ನಾನೇ. ಬರೆಯುತ್ತ ಬರೆಯುತ್ತ ಎದೆ ಹಗುರಾಗುತ್ತಿತ್ತು.

ಅವಳು ಹಾಳೆಯನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟುಕೊಂಡು, ನಾನು ಬರೆದದ್ದನ್ನು ಒಂದೊಂದಾಗಿ ಮಾಡುತ್ತ ಹೋದಳು. ಸಾಲು ಬರೆದಳು, ಓಡಿಸಿದಳು, ಅಳಿಸಿದಳು. ಆಫ್ ಮಾಡಲಿಲ್ಲ. ಚಿತ್ರ ತೆಗೆದಳು. ನಾವು ಮೂವರೂ ಬಗ್ಗಿ ನೋಡಿದೆವು. ಗೆರೆ ಜರ್ರನೆ ಇಳಿದು ಆರನೆಯ ಗಂಟೆಗೆ ತಳ ಮುಟ್ಟಿತು.

"ಈಗ ಸರಿ ಇದೆ ಮೇಡಂ" ಎಂದು ಅವಳು ಹಾಳೆಯನ್ನು ಎತ್ತಿಟ್ಟುಕೊಂಡಳು. ಗೈಡ್ ಜೆರಾಕ್ಸ್ ಅಂಗಡಿಗೆ ಫೋನು ಮಾಡಿ, ನಾಲ್ಕು ಪ್ರತಿ ಬಿಚ್ಚಿ ಮತ್ತೆ ಕಟ್ಟಿಕೊಡಬೇಕು, ಸೋಮವಾರ ಬೆಳಿಗ್ಗೆಯೊಳಗೆ ಎಂದರು. ನಾನು ಆ ಪರದೆಯನ್ನೇ ನೋಡುತ್ತಿದ್ದೆ. ಇಷ್ಟು ವರ್ಷದ ನನ್ನ ಕೆಲಸದಲ್ಲಿ, ನಾನು ಬರೆದಿಟ್ಟದ್ದನ್ನು ಇನ್ನೊಬ್ಬರು ಓದಿ, ಹಾಗೇ ಮಾಡಿ, ಅದೇ ಉತ್ತರ ಪಡೆದದ್ದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಆ ಉತ್ತರವೇ ನನ್ನ ತಪ್ಪು.